ಓಬಳಮ್ಮನ ಚರಕದ ಅಚ್ಚು

೨೦೦೮ರ ಅಕ್ಟೋಬರ್ ೨೨, ಬುಧವಾರ. ಬೆಳಿಗ್ಗೆ ಎಂಟೂವರೆಗೆ ಮೇಲೂರಿನ ಓಬಳಮ್ಮ ಶಿಡ್ಲಘಟ್ಟದ ಠಾಣೆಗೆ ಬಂದು, ತಮ್ಮ ರೇಷ್ಮೆ ಚರಕದ ಚಕ್ರ ತಿರುಗುವ ಅಚ್ಚು ಕಳುವಾಗಿದೆ ಎಂದು ದೂರು ಕೊಟ್ಟರು. ಗೇಣುದ್ದದ ಕಬ್ಬಿಣಕ್ಕೂ ಎಫ್‌ಐಆರ್ ಬೇರೆ ಎಂದು ಕಾನ್‌ಸ್ಟೇಬಲ್ ಗಂಗರಾಜು ನಕ್ಕ. ಇನ್‌ಸ್ಪೆಕ್ಟರ್ ಸತ್ಯಮೂರ್ತಿ ನಗದೆ ದೂರು ದಾಖಲಿಸಿಕೊಂಡರು.

೯.೧೫ಕ್ಕೆ ಓಬಳಮ್ಮನ ಮನೆಯಲ್ಲಿ ಸ್ಥಳ ಪಂಚನಾಮೆ. ಹಿಂದಿನ ಮಧ್ಯಾಹ್ನ ಓಬಳಮ್ಮ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗಿದ್ದಾಗ ಕಳ್ಳತನವಾಗಿತ್ತು. ಬೆಲೆಬಾಳುವ ನೂಲನ್ನು ಯಾರೂ ಮುಟ್ಟಿರಲಿಲ್ಲ. ಕಳ್ಳ ಅಚ್ಚನ್ನು ಬಿಚ್ಚಿಕೊಂಡು, ಅದರ ಜಾಗದಲ್ಲಿ ಅಷ್ಟೇ ಅಳತೆಯ ಹೊಸ ಕಂಬಿಯೊಂದನ್ನು ಜೋಡಿಸಿಟ್ಟು ಹೋಗಿದ್ದ. ಇಂಥ ಮರ್ಯಾದಸ್ಥ ಕಳ್ಳನನ್ನು ಸತ್ಯಮೂರ್ತಿ ಕಂಡಿರಲಿಲ್ಲ.

"ಆ ಅಚ್ಚು ಎಲ್ಲಿಂದ ತಂದ್ರಿ?"

"ನಮ್ಮಕ್ಕನ ಮಗ ಅಂಬರೀಶ ಕೊಟ್ಟಿದ್ದು ಸಾರ್. ದೇವನಹಳ್ಳಿ ಕಡೆ ವಿಮಾನ ಓಡ್ಸೋದು ಕಲಿಸ್ತಾರಲ್ಲ, ಅಲ್ಲಿ ಮೆಕ್ಯಾನಿಕ್ಕು. ವಿಮಾನದ ಗಾಲಿ ಕಾಲಿನ ಪಿನ್ನಂತೆ. ಸವೆದೋಗಿದೆ, ಬಿಸಾಡೋದೇ, ನೀನಿಟ್ಕೊ ಚಿಕ್ಕಮ್ಮ ಅಂದ."

"ಆಮೇಲೆ ಬಂದಿದ್ನಾ?"

"ಹೋದ ವಾರ ಬಂದು ವಾಪಸ್ ಕೊಡು ಅಂದ. ಅದು ಹಾಕ್ದಾಗ್ಲಿಂದ ಒಂದೆಳೆ ನೂಲು ಹರಿದಿಲ್ಲ. ಕೊಡಲ್ಲ ಹೋಗೋ ಅಂದೆ."

ಬಿಸಾಡುವ ಪಿನ್ನನ್ನು ಯಾರಾದರೂ ಕದಿಯುತ್ತಾರೆಯೇ? ಜೀಪು ಹತ್ತುವಾಗ ಗಂಗರಾಜುವಿನ ನಗು ನಿಂತಿತ್ತು.

೧೧.೧೦. ತರಬೇತಿ ಶಾಲೆಯ ಶೆಡ್ಡಿನಲ್ಲಿ ಅಂಬರೀಶನ ಸಾಮಾನು ಪೆಟ್ಟಿಗೆ ತೆರೆಸಿದರು. ಪಿನ್ನು ಸಿಕ್ಕಿತು.

"ಸವೆದಿರೋದನ್ನ ಯಾಕಪ್ಪ ಕದ್ದೆ?"

"ಇದು ಸವೆದಿಲ್ಲ ಸಾರ್. ಹೊಸದು."

"ಮತ್ತೆ ಸವೆದಿರೋದು ಎಲ್ಲಿ?"

ಅಂಬರೀಶ ತಲೆಯೆತ್ತಿ ಶೆಡ್ಡಿನ ಬಾಗಿಲಾಚೆಯ ಆಕಾಶ ನೋಡಿದ.

ಮೇಲೆ ಪುಟ್ಟ ವಿಮಾನವೊಂದು ಸುತ್ತುತ್ತಿತ್ತು. ಒಳಗೆ ಹತ್ತೊಂಬತ್ತು ವರ್ಷದ ಹರಿಣಿ, ಮೊದಲ ಸಲ ಒಬ್ಬಳೇ.

ಶಾಲೆಯವರು ರೇಡಿಯೊದಲ್ಲಿ ಅವಳಿಗೆ ವಿಷಯ ತಿಳಿಸಿದರು. ಮೇಲಿದ್ದಷ್ಟು ಹೊತ್ತು ಅಪಾಯವಿಲ್ಲ, ಆದರೆ ಇಳಿಯಲೇಬೇಕು. ಇಂಧನ ತಗ್ಗಲೆಂದು ಕಾಯುತ್ತಿದ್ದಾಗ ಅಂಬರೀಶ ಎಲ್ಲ ಹೇಳಿದ. ಇಂತಿಷ್ಟು ಸಲ ಇಳಿದ ಮೇಲೆ ಪಿನ್ ಬದಲಾಯಿಸಬೇಕು, ಹಳೆಯದನ್ನು ತುಂಡರಿಸಬೇಕು, ಹೊಸದನ್ನು ಅಳೆದೇ ಜೋಡಿಸಬೇಕು. ಇದು ನಿಯಮ. ಆಯುಧಪೂಜೆಯ ದಿನ ಅವನು ಹಳೆಯದು, ಹೊಸದು ಎಂದು ಬರೆದ ಚೀಟಿಗಳನ್ನು ಬಿಚ್ಚಿ ಎರಡೂ ಪಿನ್ನುಗಳನ್ನು ತೊಳೆದು, ಕುಂಕುಮವಿಟ್ಟು, ಪೂಜೆಯಾದ ಮೇಲೆ ಚೀಟಿಗಳನ್ನು ತಿಳಿಯದೆ ಅದಲುಬದಲಾಗಿ ಕಟ್ಟಿದ್ದ. ಆ ಸವೆತ ಕಣ್ಣಿಗೆ ಕಾಣುವಂಥದ್ದಲ್ಲ. ಅಳೆಯದೆಯೇ ಜೋಡಿಸಿ, ಅಳೆದೆನೆಂದು ಸಹಿ ಹಾಕಿದ; ಇನ್ನೊಂದನ್ನು ತುಂಡರಿಸದೆ ಚಿಕ್ಕಮ್ಮನಿಗೆ ಕೊಟ್ಟ. ವಾರದೊಳಗೆ ಗ್ರೀಸ್ ಹಚ್ಚುವಾಗ ಪಿನ್ನಿನ ಮೇಲೆ ಹಳೆಯ ನಂಬರು ಕಂಡಿತು.

"ಆಗ್ಲೇ ಹೇಳೋಕೇನಾಗಿತ್ತು ನಿಂಗೆ?"

"ಲೈಸೆನ್ಸ್ ಹೋಗ್ತಿತ್ತು ಸಾರ್. ಇವತ್ತು ಇಳಿದ್ಮೇಲೆ ಯಾರೂ ಇಲ್ದಾಗ ಬದಲಾಯಿಸ್ತಿದ್ದೆ. ಪ್ರತಿ ಸಲ ಇಳಿದಾಗ್ಲೂ ಎಣಿಸ್ತಿದ್ದೆ. ಇಲ್ಲಿವರೆಗೆ ನಲವತ್ತೊಂದು."

೧೧.೫೨ಕ್ಕೆ ನಲವತ್ತೆರಡನೆಯದು. ಬಲಗಾಲಿ ನೆಲ ಮುಟ್ಟಿತು. ಎಡಗಾಲಿ ಮುಟ್ಟಿದ ಕೂಡಲೇ ಅದರ ಕಾಲು ಮಡಚಿಕೊಂಡಿತು. ವಿಮಾನ ರೆಕ್ಕೆ ಉಜ್ಜಿಕೊಂಡು ಹುಲ್ಲಿಗೆ ನುಗ್ಗಿ ನಿಂತಿತು. ಧೂಳು ಇಳಿಯಿತು. ಬಾಗಿಲು ತೆರೆಯಿತು, ಹರಿಣಿ ತಾನೇ ಇಳಿದು ಬಂದಳು. ಗಂಗರಾಜು ಅವಳತ್ತ ಓಡಿದ.

೧೨.೩೦ಕ್ಕೆ ಬಂಧನ. ಆರೋಪಿಗೆ ಯಾರ ಮೇಲೂ ದ್ವೇಷವಿರಲಿಲ್ಲ, ದುರಾಸೆಯೂ ಇರಲಿಲ್ಲ. ತಪ್ಪಾಯಿತು ಎನ್ನಲು ಹೆದರಿದ್ದ ಎಂದು ಸತ್ಯಮೂರ್ತಿ ವರದಿಯಲ್ಲಿ ಬರೆದರು.

ಸಂಜೆ ಓಬಳಮ್ಮ ಠಾಣೆಗೆ ಬಂದು ಲಾಕಪ್ಪಿನ ಕಂಬಿಯಾಚೆ ಕೂತ ಅಂಬರೀಶನ ಎದುರು ನಿಂತರು.

"ಕೇಳ್ದಾಗ ನಿಜ ಹೇಳಿದ್ರೆ ಕೊಡ್ತಿರ್ಲಿಲ್ವೇನೋ ನಾನು?"