ಶುಕ್ರವಾರದ ಪುಟ

ಶನಿವಾರ ಬೆಳಿಗ್ಗೆ ಕಾರ್ಖಾನೆಯ ಬಾಗಿಲಲ್ಲಿ ನಿಂತು ಮೇಸ್ತ್ರಿ ಹತ್ತೊಂಬತ್ತು ಹೆಸರು ಕೂಗಿದ. ಹತ್ತೊಂಬತ್ತೂ ಹೆಂಗಸರವು. ಹೊಗೆಸೊಪ್ಪಿನ ನರ ಬಿಡಿಸುವವರು.

“ನಿಮಗಿನ್ನು ಇಲ್ಲಿ ಕೆಲ್ಸ ಇಲ್ಲ. ನಡೀರಿ.”

ಅವನು ಕೂಗಿದ್ದು ಅವರು ಸಹಿ ಹಾಕಿದ ಕ್ರಮದಲ್ಲೇ! ಸೋಮವಾರ ಮುಷ್ಕರ ಹೂಡುತ್ತೇವೆಂದು ಅವರು ಬರೆದುಕೊಟ್ಟ ಹಾಳೆ ಇದ್ದದ್ದು ನನ್ನ ಬಳಿ.

ನಮ್ಮ ದ್ವೀಪದ ಕಾಗ್ವಾಸ್ ಎಂಬ ಊರಿನ ಆ ಚುಟ್ಟಾ ಕಾರ್ಖಾನೆಯಲ್ಲಿ ನಾನು ಓದುಗ. ಹದಿನಾಲ್ಕು ವರ್ಷದಿಂದ ಅಟ್ಟಣೆಯ ಮೇಲೆ ಕೂತು, ಕೆಳಗೆ ಚುಟ್ಟಾ ಸುತ್ತುವವರಿಗೆ, ನರ ಬಿಡಿಸುವವರಿಗೆ ಬೆಳಿಗ್ಗೆ ಪತ್ರಿಕೆ, ಮಧ್ಯಾಹ್ನ ಕಾದಂಬರಿ ಓದುತ್ತೇನೆ. ಓದುಗನ ಪುಸ್ತಕವನ್ನು ಓದುಗನಲ್ಲದೆ ಯಾರೂ ಮುಟ್ಟುವುದಿಲ್ಲ. ಆ ನಂಬಿಕೆಯಿಂದಲೇ ಶುಕ್ರವಾರ ಊಟದ ಹೊತ್ತಿನಲ್ಲಿ, ಸಂಘದವರೆಲ್ಲರ ಕಣ್ಣೆದುರಿಗೆ, ಹಾಳೆಯನ್ನು ಪುಸ್ತಕದ ಹಿಂದಿನ ರಟ್ಟಿನೊಳಗೆ ಇಟ್ಟಿದ್ದೆ.

ಅಟ್ಟಣೆ ಹತ್ತಿದೆ. ಪುಸ್ತಕ ಇತ್ತು. ಗುರುತಿಗೆ ಇಡುವ ಒಣ ಹೊಗೆಸೊಪ್ಪಿನ ಎಲೆಯೂ ಪುಟಗಳ ನಡುವೆ ಇತ್ತು. ಹಾಳೆ ಮಾತ್ರ ಇರಲಿಲ್ಲ.

ಗಂಟೆ ಹೊಡೆಯಿತು. ಶನಿವಾರ ಪತ್ರಿಕೆ ಬರುವುದಿಲ್ಲ, ಬೆಳಿಗ್ಗೆಯೇ ಕಾದಂಬರಿ. ಎಲೆ ಇದ್ದ ಪುಟ ತೆರೆದು ಓದತೊಡಗಿದೆ. ಕಳ್ಳತನದ ಆರೋಪ ಹೊತ್ತ ಅಗಸಗಿತ್ತಿಯನ್ನು ನ್ಯಾಯಾಧೀಶ ಕೇಳುತ್ತಾನೆ: “ನಿನ್ನ ಪರವಾಗಿ ಮಾತಾಡುವವರು ಯಾರಾದರೂ ಇದ್ದಾರೆಯೇ?”

ಎಲ್ಲ ಮೇಜುಗಳಿಂದ ಸೊಪ್ಪು ಕತ್ತರಿಸುವ ಅಲಗುಗಳು ಟಕಟಕ ಹಲಗೆಗೆ ಬಡಿದವು.

“ಅದು ನಿನ್ನೇನೇ ಆಗೋಯ್ತು ಮಾರಾಯ!”

“ಒಂದೇ ಅನ್ನ ಎರಡ್ಸಲ ಬಡಿಸ್ತಾನೆ ನೋಡ್ರೋ!”

ಮೂರನೆಯ ಮೇಜಿನಿಂದ ಎವಾರಿಸ್ತೊ ಒಬ್ಬನೇ, “ಸುಮ್ನಿರ್ರಪ್ಪ, ಓದ್ಲಿ ಬಿಡಿ,” ಎಂದ. ಸಂಘದ ಅಧ್ಯಕ್ಷ ಅವನು. ನನ್ನ ಮರ್ಯಾದೆ ಉಳಿಸಿದನಲ್ಲ ಎಂದುಕೊಂಡೆ. ಪುಟಗಳನ್ನು ಮಗುಚಿ, ಶಿಕ್ಷೆಯಾದ ನಂತರದ ಭಾಗದಿಂದ ಓದಿದೆ. ಬುದ್ಧಿ ನೆಟ್ಟಗಿಲ್ಲ, ನಾನೇ ಎಲೆಯನ್ನು ತಪ್ಪು ಪುಟದಲ್ಲಿ ಇಟ್ಟಿರಬೇಕು ಎಂದು ಅದನ್ನು ಮರೆತೂಬಿಟ್ಟೆ.

ಮಧ್ಯಾಹ್ನ ಸಂಘದ ಕೋಣೆಯಲ್ಲಿ ಸಭೆ. ಬಾಗಿಲ ಬಳಿ ಲಿಬ್ರಾದಾ ನಿಂತಿದ್ದಳು. ಕಾರ್ಖಾನೆ ಗುಡಿಸುವವಳು, ಎರಡು ಮಕ್ಕಳ ತಾಯಿ. ಸಂಜೆ ಎಲ್ಲರೂ ಹೋದ ಮೇಲೆ ಅಲ್ಲಿ ಉಳಿಯುವವಳು ಅವಳೊಬ್ಬಳೇ. ಹಾಳೆಗೆ ಸಹಿ ಹಾಕದವಳು. ಕೆಲಸ ಉಳಿದವಳು. ಇನ್ನೇನು ಬೇಕು?

ಎವಾರಿಸ್ತೊ ಎದ್ದು ನಿಂತ. “ಸಂಗಾತಿಗಳೇ, ದ್ರೋಹಿಗೆ ನಮ್ಮಲ್ಲಿ ಜಾಗ ಇಲ್ಲ. ಈಕೆ ಹೆಸ್ರು ಎಲ್ಲ ಊರಿನ ಸಂಘಕ್ಕೂ ಹೋಗ್ಲಿ. ಈ ದ್ವೀಪದಲ್ಲಿ ಯಾವ ಕಾರ್ಖಾನೇಲೂ ಯಾರೂ ಈಕೆ ಜೊತೆ ಕೆಲ್ಸ ಮಾಡ್ಬಾರ್ದು. ಒಪ್ಪೋರು ಕೈ ಎತ್ತಿ.”

ಕೈಗಳು ಎದ್ದವು. ನನ್ನದೂ.

“ಇಳಿಸ್ರೋ ಕೈನ!”

ತೊಮಾಸಾ. ಎಲ್ಲರೂ ಗೌರವದಿಂದ ದೊನ್ಯಾ ಎಂದು ಕರೆಯುವ, ಅರವತ್ತು ದಾಟಿದ ಮುದುಕಿ, ಹಾಳೆಯಲ್ಲಿ ಮೊದಲ ಸಹಿ ಅವಳದು. ಗಂಡಸರನ್ನು ಬದಿಗೆ ತಳ್ಳುತ್ತ ಒಳಗೆ ಬಂದು ನನ್ನೆದುರು ಕುರ್ಚಿ ಎಳೆದು ಕೂತಳು. ತೀರ ದಣಿದಿದ್ದಳು. ಎಷ್ಟೋ ಮುಷ್ಕರ ಕಂಡು, ಎಷ್ಟೋ ಸಲ ಸೋತ ದಣಿವು ಅದು.

“ಅನ್ಸೆಲ್ಮೊ, ಬೆಳಿಗ್ಗೆ ಒಳಗಡೆ ಏನೋ ಗಲಾಟೆ ಆಯ್ತಂತೆ?”

“ತಪ್ಪು ಪುಟ ಓದಿದೆ ದೊನ್ಯಾ ತೊಮಾಸಾ. ಈಗ ಅದ್ಯಾಕೆ?”

“ಕೇಳಿದ್ದಕ್ಕೆ ಹೇಳು. ಎಲ್ಲಿತ್ತು ಎಲೆ?”

“ನ್ಯಾಯಾಧೀಶ ಪ್ರಶ್ನೆ ಕೇಳೋ ಕಡೆ.”

“ಅದು ಗುರುವಾರ ನಿಲ್ಲಿಸಿದ ಜಾಗ. ಶುಕ್ರವಾರ ಓದು ಮುಗಿದ್ಮೇಲೆ ಎಲೆ ಎಲ್ಲಿಟ್ಟೆ?”

ಯೋಚಿಸಿದೆ. ಕಣ್ಣಿಗೆ ಕಟ್ಟಿದಂತೆ ನೆನಪಾಯಿತು. “ಶಿಕ್ಷೆ ಆದ ಪುಟದಲ್ಲಿ. ನಾನೇ ಇಟ್ಟೆ!”

“ಹಾಗಾದ್ರೆ ಎಲೆಗೆ ಕಾಲು ಬಂದು ಹಿಂದಕ್ಕೆ ನಡೀತಾ?”

ಯಾರೋ ನಕ್ಕರು. ಅವಳು ನಗಲಿಲ್ಲ.

“ಕಳ್ಳ ಪುಸ್ತಕ ಕೊಡವಿದ. ಹಾಳೆ ಬಿತ್ತು, ಜೊತೆಗೆ ಎಲೆಯೂ ಬಿತ್ತು. ಎಲೆ ಹೊರಗಿದ್ರೆ ಯಾರೋ ಮುಟ್ಟಿದಾರೆ ಅಂತ ಗೊತ್ತಾಗತ್ತೆ. ಅದಕ್ಕೆ ಪುಟ ಹುಡುಕಿ, ಸರಿಯಾದ ಜಾಗದಲ್ಲೇ ಇಟ್ಟ. ಅವನ ಮಟ್ಟಿಗೆ ಸರಿಯಾದ ಜಾಗ. ಲಿಬ್ರಾದಾ, ನಿಂಗೆ ಓದೋಕೆ ಬರತ್ತೇನೆ?”

“ಇಲ್ಲ ದೊನ್ಯಾ. ನನ್ನ ಹೆಸ್ರು ಬರೆಯೋಕೂ ಬರಲ್ಲ. ಅದಕ್ಕೇ ನಾಚಿಕೆ ಆಗಿ ಸಹಿ ಹಾಕ್ಲಿಲ್ಲ.”

“ಓದೋಕೆ ಬಾರದೋಳು ಆರುನೂರು ಪುಟದಲ್ಲಿ ಆ ಒಂದು ಪುಟ ಹೆಂಗೆ ಹುಡುಕ್ತಾಳ್ರೋ? ಸಿಕ್ಕಿದ ಕಡೆ ತುರುಕ್ತಿದ್ಲು.” ತೊಮಾಸಾ ಎಲ್ಲರ ಮುಖ ನೋಡಿದಳು. “ಇದನ್ನ ಮಾಡಿದೋನು ಓದು ಬಲ್ಲೋನು. ಗುರುವಾರದ ಕಥೆ ಕೇಳಿದಾನೆ. ಶುಕ್ರವಾರದ್ದು ಕೇಳಿಲ್ಲ.” ಆಮೇಲೆ ಮೆಲ್ಲಗೆ, ಅಧ್ಯಕ್ಷನ ಕಡೆ ತಿರುಗಿದಳು. “ಎವಾರಿಸ್ತೊ, ಆ ಅಗಸಗಿತ್ತಿ ಪರವಾಗಿ ಯಾರಪ್ಪ ಎದ್ದು ನಿಂತಿದ್ದು?”

ಎವಾರಿಸ್ತೊ ಕೆನ್ನೆ ಹಿಡಿದುಕೊಂಡ.

“ಶುಕ್ರವಾರ ನಂಗೆ… ಹಲ್ಲುನೋವು…”

“ಹೌದು. ಊಟ ಆದ್ಮೇಲೆ ಖಾಲಿ ಇದ್ದಿದ್ದು ನಿನ್ನ ಕುರ್ಚಿ ಒಂದೇ. ಅಟ್ಟಣೆ ಮೇಲಿಂದ ಕಾಣ್ಲಿಲ್ವಾ ಅನ್ಸೆಲ್ಮೊ?”

ಕಂಡಿತ್ತು. ಪುಟದಿಂದ ಕಣ್ಣೆತ್ತಿದಾಗಲೆಲ್ಲ ಮೂರನೆಯ ಮೇಜಿನಲ್ಲಿ ಒಂದು ತೆರಪು ಕಂಡಿತ್ತು. ಬೆಳಿಗ್ಗೆ ಎಲ್ಲರೂ ಅಲಗು ಬಡಿದಾಗ ಅವನು ಯಾಕೆ ಬಡಿಯಲಿಲ್ಲ? ಅವನಿಗೆ ಅದು ಹೊಸ ಪುಟ!

“ಅವಳ ಸವತಿ,” ಎಂದಳು ಲಿಬ್ರಾದಾ, ಬಾಗಿಲ ಬಳಿಯಿಂದ. “ಎದ್ದು ನಿಂತಿದ್ದು ಅವಳ ಸವತಿ. ನಾನು ಪೊರಕೆ ಹಿಡ್ಕೊಂಡು ಕೇಳ್ತಾ ಇದ್ದೆ.”

ಎವಾರಿಸ್ತೊ ಕೊನೆಗೆ ಒಪ್ಪಿಕೊಂಡ. ಶುಕ್ರವಾರ ಮಧ್ಯಾಹ್ನ ಹಾಳೆಯ ಸುದ್ದಿ ಹೇಳಲು ಮೇಸ್ತ್ರಿಯ ಮನೆಗೆ ಹೋಗಿದ್ದನಂತೆ. ಸಂಜೆ ಎಲ್ಲರೂ ನಲ್ಲಿಯ ಬಳಿ ಕೈ ತೊಳೆಯುವಾಗ ಅಟ್ಟಣೆ ಹತ್ತಿದ್ದನಂತೆ.

“ಯಾಕೋ?” ತೊಮಾಸಾ ಕೇಳಿದಳು. “ನಿಮ್ಮಮ್ಮನೂ ನನ್ನ ಪಕ್ಕದಲ್ಲೇ ಕೂತು ನರ ಬಿಡಿಸಿದೋಳು.”

“ನೀವು ಗೆದ್ದಿದ್ರೆ ಏನಾಗ್ತಿತ್ತು ಹೇಳಿ!” ಅವನು ಕೂಗಿದ. “ಇವತ್ತು ನರ ಬಿಡಿಸೋರಿಗೆ ಹಕ್ಕು ಅಂತೀರಿ. ನಾಳೆ ನಮ್ಮ ಮೇಜಿಗೇ ಬಂದು ಕೂರ್ತೀರಿ. ಆಮೇಲೆ ನಾವೆಲ್ಲಿಗೆ ಹೋಗೋಣ?”

ಹೆಣ್ಣು ಗಂಡು ಸಮಾನರೆಂದು ನಾನು ಓದಿದಾಗಲೆಲ್ಲ ಎಲ್ಲರಿಗಿಂತ ಜೋರಾಗಿ ಅಲಗು ಬಡಿದು ಮೆಚ್ಚುತ್ತಿದ್ದವನು ಅವನೇ. ಆದರೆ ಆ ಕೋಣೆಯಲ್ಲಿ ಅವನ ಮಾತಿಗೆ ಒಳಗೊಳಗೇ ತಲೆಯಾಡಿಸಿದವರು ಎಷ್ಟು ಜನ? ಎಣಿಸುವ ಧೈರ್ಯ ನನಗಾಗಲಿಲ್ಲ. ಮಾಲೀಕರು ಯಾಕೆ ಗೆಲ್ಲುತ್ತಾರೆಂದು ಕೇಳುತ್ತೀರಲ್ಲ, ಅವರಿಗೆ ಬೇಕಾದ ಪಟ್ಟಿಯನ್ನು ನಾವೇ ಮಡಚಿ ಕೊಡುತ್ತೇವೆ. ಕೊಟ್ಟು ಬಂದು, ಗುಡಿಸುವವಳ ಮೇಲೆ ಕೈ ಎತ್ತುತ್ತೇವೆ.

ಎವಾರಿಸ್ತೊ ಹೊರಗೆ ಹೋದ. ಯಾರೂ ತಡೆಯಲಿಲ್ಲ. ನಾನು ಲಿಬ್ರಾದಾಳ ಬಳಿ ಹೋಗಿ, “ತಪ್ಪಾಯ್ತಮ್ಮ,” ಎಂದೆ.

“ನೀವೂ ಕೈ ಎತ್ತಿದ್ರಿ ದೊನ್ ಅನ್ಸೆಲ್ಮೊ,” ಎಂದಳು. ಅಷ್ಟೇ.

ಸೋಮವಾರ ನಾನು ಅಟ್ಟಣೆ ಹತ್ತಲಿಲ್ಲ. ಕಾರ್ಖಾನೆಯ ಹೊರಗೆ, ಗೋಡೆಯ ನೆರಳಿನಲ್ಲಿ ಹತ್ತೊಂಬತ್ತು ಹೆಂಗಸರು ಕೂತಿದ್ದರು. ಕೆಲಸ ಕಳೆದುಕೊಂಡವರ ಮುಷ್ಕರ! ಮೇಸ್ತ್ರಿ ಕಿಟಕಿಯಿಂದ ನೋಡಿ ನಗುತ್ತಿದ್ದ. ಗಂಡಸರಲ್ಲಿ ಹೊರಗೆ ಬಂದವರು ಏಳೇ ಜನ. ಒಂದು ಪೆಟ್ಟಿಗೆ ಬೋರಲು ಹಾಕಿ ಕೂತು ಪುಸ್ತಕ ತೆರೆದೆ. ಶನಿವಾರದ ಗೊಂದಲದಲ್ಲಿ ಎಲೆ ಎಲ್ಲೋ ಬಿದ್ದುಹೋಗಿತ್ತು. ಪುಟ ಮಗುಚುತ್ತ ತಡಕಾಡಿದೆ.

ಬಾಗಿಲು ಕಿರ್ರೆಂದಿತು. ಲಿಬ್ರಾದಾ ಹೊರಗೆ ಬಂದಳು. ಪೊರಕೆಯನ್ನು ಗೋಡೆಗೊರಗಿಸಿ, ತೊಮಾಸಾಳ ಪಕ್ಕದಲ್ಲಿ ಕೂತಳು. ಇಪ್ಪತ್ತನೆಯವಳು.

“ಹಡಗು ಬಂದರಿಗೆ ಬಂತು, ಅಗಸಗಿತ್ತಿ ಕೈಗೆ ಸರಪಳಿ ಹಾಕಿದ್ರು,” ಎಂದಳು. “ಶನಿವಾರ ಅಲ್ಲಿಗೆ ನಿಲ್ಲಿಸಿದ್ರಿ. ಅಲ್ಲಿಂದ ಓದಿ.”