ಏಳನೇ ಮಾಳಿಗೆಯ ಬಿಸಿಲು

“ತಾಮ್ರ ಕದಿಯೋಕೆ ಬಂದಿದ್ರೆ ಬಂದ ದಾರೀಲೇ ವಾಪಸ್ ಹೋಗು,” ಎಂದು ಮಾರ್ಲಾ ಹುಡಾಕ್ ಟಾರ್ಚನ್ನು ದೊಣ್ಣೆಯಂತೆ ಎತ್ತಿ ಹಿಡಿದಳು.

ಮೆಟ್ಟಿಲ ಮೇಲಿದ್ದ ಗಂಡಸು ಎರಡೂ ಕೈ ಮೇಲೆತ್ತಿದ. ಒಂದು ಕೈಯಲ್ಲಿ ಕ್ಯಾಮೆರಾ, ಇನ್ನೊಂದರಲ್ಲಿ ಅರ್ಧ ತಿಂದ ಸ್ಯಾಂಡ್‌ವಿಚ್.

“ಕದಿಯೋಕೆ ಬರೋನು ಬುತ್ತಿ ಕಟ್ಕೊಂಡು ಬರ್ತಾನೇನ್ರೀ?”

“ಬುದ್ಧಿ ಇರೋ ಕಳ್ಳ ಬರ್ತಾನೆ.”

“ಹಾಗಾದ್ರೆ ಖಂಡಿತ ನಾನಲ್ಲ.”

ಅವಳಿಗೆ ನಗು ಬಂತು, ತೋರಿಸಿಕೊಳ್ಳಲಿಲ್ಲ. ಅವನ ಹೆಸರು ಡೆಸ್ಮಂಡ್ ಟೈರಿ, ಶಾಲಾ ಬಸ್ಸಿನ ಚಾಲಕ. ಬಿಡುವಿನಲ್ಲಿ ಪಾಳುಬಿದ್ದ ಕಟ್ಟಡಗಳನ್ನು ಹೊಕ್ಕು ಫೋಟೊ ತೆಗೆಯುವ ಹುಚ್ಚು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿಯುವ ಮಾರ್ಲಾಳಿಗೂ ಅದೇ ಹುಚ್ಚು. ಉಕ್ಕಿನ ಕಾರ್ಖಾನೆಗಳು ಮುಚ್ಚಿದ ಮೇಲೆ ಯಂಗ್ಸ್‌ಟೌನಿನಲ್ಲಿ ಇಂಥ ಹುಚ್ಚಿಗೆ ಜಾಗದ ಬರವಿರಲಿಲ್ಲ.

“ಹಲಗೆ ಮೇಲೆ ಮೊಳೆ ಸಾಲು ಕಾಣುತ್ತಲ್ಲ, ಅದರ ಮೇಲೇ ಕಾಲಿಡು. ಅಡಿಯಲ್ಲಿ ತೊಲೆ ಇರೋದು ಅಲ್ಲಿ ಮಾತ್ರ,” ಎಂದಳು ಮಾರ್ಲಾ.

“ನಿನ್ನ ಹಿಂದೆಯೇ ಬರ್ತೀನಿ.”

“ಕಣ್ಣು ಮೊಳೆ ಮೇಲಿರಲಿ.”

“ಪ್ರಯತ್ನ ಮಾಡ್ತೀನಿ,” ಎಂದ. ಅವಳ ಕಿವಿ ಬಿಸಿಯಾಯಿತು.

ಅದು ಕ್ವಿಂಬಿ ಮಳಿಗೆ. ಒಂದು ಕಾಲಕ್ಕೆ ಊರಿನ ಮದುವೆಯ ಬಟ್ಟೆಯೆಲ್ಲ ಅಲ್ಲಿಂದಲೇ ಬರುತ್ತಿತ್ತು. ಈಗ ಬಾಗಿಲುಗಳಿಗೆ ವೆಲ್ಡಿಂಗ್ ಆಗಿತ್ತು. ಒಳಗೆ ಏನೂ ಉಳಿದಿಲ್ಲವೆಂದು ಊರು ನಂಬಿತ್ತು. ಉಳಿದಿತ್ತು. ಪಕ್ಕದ ಗೋಡೌನಿನ ನೆಲಮಾಳಿಗೆಯಿಂದ ನುಸುಳಿ ಬಂದರೆ ಏಳೂ ಮಾಳಿಗೆಯ ತಾಮ್ರದ ಕೊಳವೆಗಳು ಇದ್ದಲ್ಲೇ ಇದ್ದವು. ಲೆಸ್ಟರ್ ಕೂಡ ಇದ್ದ.

ಲೆಸ್ಟರ್ ಆ ಮಳಿಗೆಯಲ್ಲಿ ಲಿಫ್ಟ್ ನಡೆಸುತ್ತಿದ್ದವನು. ಇದ್ದ ಮನೆ ಕೈತಪ್ಪಿದ ಮೇಲೆ ಏಳನೇ ಮಾಳಿಗೆಯ ಹಳೇ ಚಹಾ ಅಂಗಡಿಯಲ್ಲಿ ಹಾಸಿಗೆ ಹಾಸಿಕೊಂಡಿದ್ದ. ಯಾರು ಮೆಟ್ಟಿಲು ಹತ್ತಿ ಬಂದರೂ ಅವನದು ಒಂದೇ ಪ್ರಶ್ನೆ: “ಎಷ್ಟನೇ ಮಾಳಿಗೆ, ಅಮ್ಮಾವ್ರೇ?”

“ಇದೇ ಕೊನೇದು, ಲೆಸ್ಟರಣ್ಣ.” ಮಾರ್ಲಾ ಚರ್ಚಿನಲ್ಲಿ ಕೊಂಡ ಆಲೂಗಡ್ಡೆ ಕಡುಬಿನ ಡಬ್ಬಿ ಮುಂದಿಟ್ಟಳು.

ಲೆಸ್ಟರ್ ಡೆಸ್ಮಂಡನನ್ನು ಮೇಲಿಂದ ಕೆಳಗೆ ಅಳೆದ. “ಇವನನ್ನ ಎಲ್ಲಿಂದ ಹಿಡ್ಕೊಂಡು ಬಂದೆ? ಕಾಲು ಉದ್ದ, ಮಾತು ಇನ್ನೂ ಉದ್ದ.”

“ಮೆಟ್ಟಿಲ ಮೇಲೆ ಬಿದ್ದಿತ್ತು.”

“ಇಟ್ಕೋ. ಕೆಲಸಕ್ಕೆ ಬರಬಹುದು.”

ಪಾಳು ಕಟ್ಟಡ ಹೊಗುವವರಲ್ಲಿ ಒಂದು ಕಟ್ಟಳೆ ಇದೆ: ಫೋಟೊ ತೋರಿಸಬಹುದು, ಜಾಗ ಹೇಳಬಾರದು. ಜಾಗ ತಿಳಿದರೆ ಮೊದಲು ಬರುವವರು ಗುಜರಿ ಕಳ್ಳರು. ಇಬ್ಬರೂ ಯಾರಿಗೂ ಹೇಳಲಿಲ್ಲ. ಆ ಬೇಸಿಗೆಯ ಭಾನುವಾರಗಳೆಲ್ಲ ಏಳನೇ ಮಾಳಿಗೆಯಲ್ಲೇ ಕಳೆದವು.

ಒಂದು ಮಧ್ಯಾಹ್ನ ಕಿಟಕಿಯಿಂದ ಬಿಸಿಲು ಒಳಬಂದಾಗ ಮಾರ್ಲಾಳ ಕೆನ್ನೆಯ ಮೇಲೆ ದುಂಡನೆಯ ನೆರಳು ಬಿತ್ತು. ನೆರಳಿನ ಸಣ್ಣ ಬಾಲವೊಂದು ತುಟಿಯ ಅಂಚನ್ನು ಮುಟ್ಟಿತ್ತು.

“ಅಲ್ಲಾಡಬೇಡ,” ಎಂದ ಡೆಸ್ಮಂಡ್. “ಬಿಸಿಲಿಗಿರೋ ಧೈರ್ಯ ನನಗಿಲ್ಲ.”

“ಇಲ್ಲ ಅಂತ ಯಾರು ಹೇಳಿದ್ರು?”

ನಾಲ್ಕು ಫೋಟೊ ತೆಗೆದ. ಅವಳೇ ಒಂದನ್ನು ಆರಿಸಿದಳು. ಅವನು ಜಾಗದ ಹೆಸರಿಲ್ಲದೆ ಅದನ್ನು ಇಂಟರ್ನೆಟ್ಟಿಗೆ ಹಾಕಿದ.

ಒಂಬತ್ತು ದಿನಕ್ಕೆ ಕ್ವಿಂಬಿಗೆ ಬೆಂಕಿ ಬಿತ್ತು. ಎರಡನೇ ಮಾಳಿಗೆಯಲ್ಲಿ ಕಳ್ಳರು ಗ್ಯಾಸ್ ಜ್ವಾಲೆಯಿಂದ ಕೊಳವೆ ಕತ್ತರಿಸುತ್ತಿದ್ದರು. ಕಿಡಿ ಹಳೇ ರಟ್ಟಿನ ರಾಶಿಗೆ ಹಾರಿತು. ಕಳ್ಳರು ಪಾರಾದರು. ಹೊಗೆ ಲಿಫ್ಟಿನ ಬಾವಿ ಹಿಡಿದು ಮೇಲೇರಿತು. ಲೆಸ್ಟರ್ ಏಳನೇ ಮಾಳಿಗೆಯ ಲಿಫ್ಟ್ ಬಾಗಿಲ ಬಳಿ ಹೆಣವಾಗಿ ಸಿಕ್ಕ.

ಮರುದಿನ ಕೆಲಸದ ನಡುವೆ ಮಾರ್ಲಾ ಫೋನಿನಲ್ಲಿ ಆ ಫೋಟೊ ತೆರೆದಳು. ಲೆಸ್ಟರನ ಕೋಣೆ ಇನ್ನೊಮ್ಮೆ ಕಾಣಲಿ ಎಂದಷ್ಟೇ. ಕೆಳಗೆ ಬೆಂಕಿಗೆ ಮುಂಚೆಯೇ ಯಾರೋ ಹಲ್ಲು ಕಿರಿಯುವ ಚಿತ್ರ ಹಾಕಿ ಬರೆದಿದ್ದರು: ‘ಈ ಬಾಲ ಎಲ್ಲೋ ನೋಡಿದೀನಲ್ಲ!’

ಅವಳು ತನ್ನ ಕೆನ್ನೆಯನ್ನು ದಿಟ್ಟಿಸಿದಳು. ದುಂಡನೆಯ ನೆರಳು, ಸಣ್ಣ ಬಾಲ. ಇಂಗ್ಲಿಷಿನ ಕ್ಯೂ. ಮಳಿಗೆಯ ಹೆಸರಿನ ಮೊದಲ ಅಕ್ಷರ. ಏಳನೇ ಮಾಳಿಗೆಯ ಕಿಟಕಿಯ ಕಬ್ಬಿಣದ ಜಾಲರಿಯಲ್ಲಿ ಅಂಗೈಯಗಲದ ಆ ಅಕ್ಷರ ಕೂತಿತ್ತು. ಅಂಥ ಬಾಲದ ಕ್ಯೂ ಪೇಟೆಯಲ್ಲಿ ಬೇರೆಲ್ಲೂ ಇರಲಿಲ್ಲ. ಅವಳ ಭುಜದ ಹಿಂದೆ ತಾಮ್ರದ ಕೊಳವೆಗಳು ಮಿರುಗುತ್ತಿದ್ದವು.

ಡೆಸ್ಮಂಡನಿಗೆ ಹೇಳದೆ ಇರಬಹುದಿತ್ತು. ಹೇಳಿದರೆ ಅವನು ಉಳಿಯುತ್ತಾನೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ.

ನಗರಾಡಳಿತ ಆ ವಾರವೇ ಕಟ್ಟಡ ಕೆಡವಲು ಶುರು ಮಾಡಿತು. ಎದುರಿಗೆ ನಿಲ್ಲಿಸಿದ ಡೆಸ್ಮಂಡನ ಕಾರಿನಲ್ಲಿ ಇಬ್ಬರೂ ಕುಳಿತಿದ್ದರು. ಯಂತ್ರ ಗೋಡೆಯನ್ನು ಕಚ್ಚುತ್ತಿತ್ತು.

“ಜಾಗ ಹೇಳಿದೋನು ಸಿಗಲಿ, ಕೈ ಮುರೀತೀನಿ,” ಎಂದ ಡೆಸ್ಮಂಡ್.

ಅವಳು ಫೋಟೊ ತೆರೆದು ಅವನ ಮುಂದೆ ಹಿಡಿದಳು. “ಕೆನ್ನೆ ನೋಡು.”

ಅವನು ಬಹಳ ಹೊತ್ತು ನೋಡಿದ. “ನಾನು ನಿನ್ನ ಬಿಟ್ಟು ಬೇರೇನೂ ನೋಡ್ಲಿಲ್ಲ, ಮಾರ್ಲಾ.”

“ನಾನೂ ಅಷ್ಟೇ. ಇದನ್ನೇ ಹಾಕು ಅಂದೋಳು ನಾನು. ಮೂಗು ಚೆನ್ನಾಗಿ ಬಂದಿದೆ ಅಂತ.”

ಅವನು ಇಳಿದು ಹೊರಟ. ಕೀಲಿ ಕಾರಿನಲ್ಲೇ ಉಳಿಯಿತು. ಆಮೇಲೆ ಫೋನೂ ಎತ್ತಲಿಲ್ಲ.

ಲೆಸ್ಟರನ ಕಡೆಯವರು ಯಾರೂ ಬರಲಿಲ್ಲ. ಶವ ಸುಟ್ಟ ಬೂದಿಯನ್ನು ಕೇಳುವವರಿಲ್ಲದಿದ್ದರೆ ನಂಬರು ಅಂಟಿಸಿ ಕಪಾಟಿನಲ್ಲಿ ಇಡುತ್ತಾರೆಂದು ತಿಳಿದು ಮಾರ್ಲಾ ಶವಾಗಾರದ ಕಚೇರಿಗೆ ಹೋದಳು. ಡೆಸ್ಮಂಡ್ ಅಲ್ಲಿ ಬೆಂಚಿನ ಮೇಲೆ ಕುಳಿತಿದ್ದ. ಗಡ್ಡ ಬೆಳೆದಿತ್ತು.

“ಸತ್ತವರಿಗೆ ನೀವೇನಾಗಬೇಕು?” ಎಂದು ಕೇಳಿದಳು ಗುಮಾಸ್ತೆ.

“ಏನೂ ಇಲ್ಲ,” ಎಂದಳು ಮಾರ್ಲಾ. “ನಮ್ಮನ್ನ ಬಿಟ್ರೆ ಅವರಿಗೆ ಯಾರೂ ಇಲ್ಲ.”

“ನಮ್ಮನ್ನ ಅಂದ್ರೆ? ಇವರು ಯಾರು?”

ಡೆಸ್ಮಂಡ್ ಬೆಂಚಿನಿಂದ ಎದ್ದು ನಿಂತ.

“ನಮ್ಮನೆಯವರು,” ಎಂದಳು ಮಾರ್ಲಾ.

ಬೂದಿಯ ಪೆಟ್ಟಿಗೆ ಅವಳು ಎಣಿಸಿದ್ದಕ್ಕಿಂತ ಭಾರವಾಗಿತ್ತು. ಎರಡೂ ಕೈಯಲ್ಲಿ ಎದೆಗವಚಿಕೊಂಡು ನಡೆದಳು. ಅವನು ಹಿಂದೆಯೇ ಬಂದ.

“ಕ್ಷಮಿಸಿದೀಯಾ?”

“ಇಲ್ಲ. ನಿನ್ನನ್ನೂ ಇಲ್ಲ, ನನ್ನನ್ನೂ ಇಲ್ಲ.” ಹೊಸ್ತಿಲ ಬಳಿ ನಿಂತಳು. “ಬಾಗಿಲು ತೆಗಿ. ನನ್ನ ಕೈ ಖಾಲಿ ಇಲ್ಲ.”