ದಪ್ಪ ಅಕ್ಷರದ ಸಾಲು

"ಕೈ ತೆಗಿ. ನನ್ನ ಕಂಪ್ಯೂಟರ್ ಮುಟ್ಬೇಡ ಅಂತ ಎಷ್ಟು ಸಲ ಹೇಳ್ಬೇಕು ನಿಂಗೆ?"

ಸೊಸೆ ಕೈ ಹಿಂದಕ್ಕೆಳೆದುಕೊಂಡಳು. ಔಷಧಿ ಅಂಗಡಿಯ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಬಂದಿದ್ದವಳಿಗೆ ಬಾಯಿ ತುದಿಗೆ ಒಂದು ಮಾತು ಬಂತು. ಆದರೆ ಅತ್ತೆಯ ಮುಖ ನೋಡಿ ನುಂಗಿಕೊಂಡಳು. ಭೂತಗನ್ನಡಿ ಹಿಡಿದು ಪರದೆಗೆ ಮೂಗು ತಾಗಿಸಿ ಕೂತಿದ್ದ ಆ ಜೀವದ ಕಣ್ಣಿಂದ ನೀರು ಸೋರುತ್ತಿತ್ತು.

ಊರಿನ ಅರ್ಧ ಹೆಣ್ಣುಮಕ್ಕಳಿಗೆ ಕತ್ತರಿ ಹಿಡಿಯುವುದನ್ನು ಕಲಿಸಿದ ಹೊಲಿಗೆ ಟೀಚರ್ ಆಕೆ. ಎಡಗಣ್ಣು ಹಿಂದೊಮ್ಮೆ ಆದ ಆಪರೇಷನ್‌ನಲ್ಲಿ ಕೈಕೊಟ್ಟಿತ್ತು. ಈಗ ಬಲಗಣ್ಣಿನ ಸರದಿ. ನಾಳೆ ಬೆಳಿಗ್ಗೆ ಆಪರೇಷನ್. ಆಗ ಏನು ಎಡವಟ್ಟಾಗಿತ್ತು ಎಂದು ತಿಳಿಯದೆ ಕತ್ತಿ ಹಿಡಿಯುವುದಿಲ್ಲ, ಹಳೆಯ ರಿಪೋರ್ಟ್ ತನ್ನಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಕಾಗದ ಮನೆ ಬದಲಾಯಿಸುವಾಗ ಕಳೆದಿತ್ತು, ಆ ಆಸ್ಪತ್ರೆಯೂ ಮುಚ್ಚಿಹೋಗಿತ್ತು. ಆಗ ಅವರು ಇಮೇಲ್‌ನಲ್ಲಿ ಕಳಿಸಿದ್ದ ಪ್ರತಿಯೊಂದೇ ಗತಿ.

"ಹೀಗೆ ಕೆಳಗೆ ಕೆಳಗೆ ಜಾರಿಸ್ತಾ ಹೋದ್ರೆ ಸಂಜೆಯಾದ್ರೂ ಸಿಗಲ್ಲ ಅತ್ತೆ. ಮೇಲೆ ಹುಡುಕೋ ಜಾಗ ಇದೆ. ಅಲ್ಲಿ ಆಸ್ಪತ್ರೆ ಹೆಸರು ಹಾಕಿದ್ರೆ ಸಾಕು."

"ಗೊತ್ತು ನಂಗೆ. ನೀನೇನು ಹೇಳ್ಕೊಡೋದು? ಅಕ್ಷರ ಕಾಣ್ತಿಲ್ಲ, ಅಷ್ಟೇ."

"ನಂಗೆ ಕಾಣ್ತಿದೆಯಲ್ಲ. ಸ್ವಲ್ಪ ಜರುಗಿ."

ಅತ್ತೆ ಕುರ್ಚಿ ಬಿಟ್ಟೇಳುತ್ತಾ ಗೋಡೆಗೆ ಹೇಳುವಂತೆ ಹೇಳಿದರು: "ಅಲ್ಲಿ ಏನೇ ಕಂಡ್ರೂ ಓದ್ಬೇಡ. ರಿಪೋರ್ಟ್ ತೆಗಿ, ಮುಚ್ಚು."

ಸೊಸೆ ಹುಡುಕುವ ಜಾಗದ ಮೇಲೆ ಒತ್ತಿದಳು. ಒಂದಕ್ಷರವನ್ನೂ ಟೈಪ್ ಮಾಡುವ ಮೊದಲೇ, ಹಿಂದೆ ಹುಡುಕಿದ್ದ ಪದಗಳೆಲ್ಲ ಸರಸರನೆ ಕೆಳಗೆ ತೆರೆದುಕೊಂಡವು. ಗುಬ್ಬಿ... ಗುಬ್ಬಿ ಅಣ್ಣ... ಗುಬ್ಬಿ ವ್ಯಾನು... ಗುಬ್ಬಿ ಸಿಟ್ಟು... ಗುಬ್ಬಿ ಬೈಬೇಡ...

ಆ ಹೆಸರನ್ನು ಈ ಮನೆಯಲ್ಲಿ ಯಾರೂ ಎತ್ತುವ ಹಾಗಿರಲಿಲ್ಲ. ಅತ್ತೆಯ ಕಿರಿಮಗಳು ಗುಬ್ಬಿ, ತಾಯಿ ಒಪ್ಪದ ಹುಡುಗನ ಕೈಹಿಡಿದು ಒಂದು ಮುಂಜಾನೆ ಹೊರಟುಹೋದವಳು. "ಅವಳು ನನ್ನ ಪಾಲಿಗೆ ಇಲ್ಲ" ಎಂದಿದ್ದರು ಅತ್ತೆ. ಮುಂದೆ ದೂರದ ಊರಲ್ಲಿ ಜ್ವರ ಬಂದು ಗುಬ್ಬಿ ನಿಜವಾಗಿಯೂ ಇಲ್ಲವಾದ ದಿನ, ಫೋನ್ ಇಟ್ಟು ಹೊಲಿಗೆ ಮೆಶಿನ್ ಮುಂದೆ ಕೂತವರು ಕತ್ತಲಾಗುವತನಕ ಏಳಲಿಲ್ಲ. ಒಂದು ತೊಟ್ಟು ಕಣ್ಣೀರನ್ನೂ ಯಾರೂ ನೋಡಲಿಲ್ಲ. ಎಲ್ಲರೂ ಕೇಳಿದ್ದು ಸೊಸೆಯತ್ತ ಬೊಟ್ಟು ಮಾಡಿ ಅಂದ ಒಂದೇ ಮಾತು: "ಇವಳೇ ನನ್ನ ಮಗಳ ತಲೆ ಕೆಡಿಸಿ ಕಳಿಸಿದ್ದು." ಬಂದ ನೆಂಟರೆದುರು, ಹೊಲಿಗೆಗೆ ಬಂದ ಹುಡುಗಿಯರೆದುರು ಅದೇ ಮಾತು. 'ಸೊಸೆ' ಅಂತ ಒಮ್ಮೆಯೂ ಕರೆಯುತ್ತಿರಲಿಲ್ಲ, 'ಮಗನ ಹೆಂಡ್ತಿ' ಅನ್ನುತ್ತಿದ್ದರು.

ನಿಜವಾಗಿ ಆ ಮುಂಜಾನೆ ಗುಬ್ಬಿಯನ್ನು ತನ್ನ ಸರಕು ವ್ಯಾನಿನಲ್ಲಿ ಕೂರಿಸಿಕೊಂಡು ಸ್ಟೇಷನ್ನಿಗೆ ಬಿಟ್ಟು ಬಂದವನು ಅವಳ ಅಣ್ಣ, ಈ ಮನೆಯ ಮಗ. "ಅಮ್ಮಂಗೆ ಹೇಳ್ಬೇಡ ಕಣೇ, ತಡ್ಕೊಳ್ಳಲ್ಲ" ಎಂದು ಹೆಂಡತಿಯ ಕೈ ಹಿಡಿದು ಅತ್ತಿದ್ದ. ಅವಳು ಹೇಳಿರಲಿಲ್ಲ.

ಸೊಸೆ ಏನೂ ಕಾಣದವಳಂತೆ ಆಸ್ಪತ್ರೆಯ ಹೆಸರು ಟೈಪ್ ಮಾಡಿದಳು. ಹತ್ತಾರು ಸಾಲು ಬಂದವು. ಫೈಲ್ ಲಗತ್ತಿಸಿರುವವು ಮಾತ್ರ ಸಾಕೆಂದು ಆರಿಸಿದಳು. ಎರಡೇ ಉಳಿದವು. ಅದರಲ್ಲೊಂದು ರಿಪೋರ್ಟ್.

"ಸಿಕ್ತು ಅತ್ತೆ. ಪ್ರಿಂಟ್ ತೆಗೆಸ್ಕೊಂಡು ಬರ್ತೀನಿ."

ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. "ಹುಡುಕೋ ಜಾಗ ಒತ್ತಿದಾಗ ಪಟ್ಟಿ ಬರುತ್ತಲ್ಲ... ನೋಡಿದೆಯಾ?" ಎಂದರು.

ಸುಳ್ಳು ಹೇಳಲು ಅವಳಿಗೆ ಮನಸ್ಸಾಗಲಿಲ್ಲ. "ನೋಡ್ದೆ."

"ಹುಡುಕೋದು ಹೇಗೆ ಅಂತ ಅವಳೇ ಹೇಳ್ಕೊಟ್ಟಿದ್ದು ನಂಗೆ. 'ನೆನಪಿರೋ ಒಂದೇ ಒಂದು ಪದ ಹಾಕಮ್ಮಾ, ಮಿಕ್ಕಿದ್ದು ಅದೇ ಹುಡುಕ್ಕೊಡುತ್ತೆ' ಅನ್ನೋಳು..." ಅತ್ತೆ ಚೌಕಟ್ಟು ಬಿಟ್ಟು ಹತ್ತಿರ ಬಂದರು. "ತೀರ್ಕೊಳ್ಳೋ ಮುಂಚೆ ಒಂದು ಇಮೇಲ್ ಬರೆದಿದ್ಲು. ಇದೆ ಅಲ್ಲಿ. ನಾಳೆ ಏನಾಗುತ್ತೋ ಏನೋ... ಓದ್ತೀಯಾ?"

ಸೊಸೆ 'ಗುಬ್ಬಿ' ಎಂದು ಒತ್ತಿದಳು. ಹಳೆಯ ಸಾಲುಗಳೆಲ್ಲ ತೆಳ್ಳಗಿದ್ದವು. ಮೇಲಿನದೊಂದು ಮಾತ್ರ ದಪ್ಪ ಅಕ್ಷರದಲ್ಲಿತ್ತು. ತೆರೆದೇ ಇರಲಿಲ್ಲ.

"ಅತ್ತೆ... ಇದನ್ನ ನೀವು ಓದೇ ಇಲ್ವಾ?"

"ಓದಿದ್ರೆ ಮುಗಿದು ಹೋಗುತ್ತೆ. ಆಮೇಲೆ ಅವಳು ನಂಗೆ ಹೇಳೋದು ಇನ್ನೇನಿರುತ್ತೆ?"

ಸೊಸೆ ತೆರೆದಳು. ಗಟ್ಟಿಯಾಗಿ ಓದತೊಡಗಿದಳು.

"ಅಮ್ಮಾ, ನಿನ್ನ ಮೆಶಿನ್ ಥರದ್ದೇ ಹಳೇದೊಂದು ತಗೊಂಡಿದೀನಿ. ಇವರು ತಮಾಷೆ ಮಾಡ್ತಾರೆ, ಹೊಲಿಗೆ ಟೀಚರ್ ಮಗಳಿಗೆ ಗುಂಡಿ ಹಚ್ಚೋಕೂ ಬರಲ್ಲ ಅಂತ. ಮೆಶಿನ್ನಲ್ಲಿ ಬಟ್ಟೆ ಕೆಳಗೆ ದಾರ ಗಂಟು ಗಂಟಾಗ್ತಿದೆ. ನೀನು ಏನೋ ಮಾಡಿ ಸರಿ ಮಾಡ್ತಿದ್ದೆ, ಮರೆತುಬಿಟ್ಟೆ. ನಿನ್ನ ಸಿಟ್ಟು ಇಳಿದ ಮೇಲೆ ಅದೊಂದು ಬರಿ, ಸಾಕು..."

ಮುಂದಿನ ಸಾಲಿಗೆ ಬಂದವಳು ತಡೆದಳು. 'ಅತ್ತಿಗೇನ ಬೈಬೇಡ ಅಮ್ಮಾ. ಅವಳಿಗೆ ಏನೂ ಗೊತ್ತಿರಲಿಲ್ಲ. ನನ್ನನ್ನ ವ್ಯಾನಲ್ಲಿ ಕರ್ಕೊಂಡು ಹೋಗಿ ಬಿಟ್ಟಿದ್ದು ಅಣ್ಣ.' ಇಷ್ಟು ವರ್ಷ ಅವಳು ಕಾದದ್ದು ಈ ಸಾಲಿಗೇ. ಓದಿದರೆ ತಲೆಯ ಮೇಲಿನ ಹೊರೆ ಇಳಿಯುತ್ತಿತ್ತು. ಆದರೆ ನಾಳೆ ಕತ್ತಿಯ ಕೆಳಗೆ ಮಲಗಬೇಕಾದ ಮುದಿಜೀವ... ಮಗನೊಬ್ಬನೇ ಅದಕ್ಕೆ ಉಳಿದ ಆಸರೆ. ಅವಳು ಆ ಸಾಲು ದಾಟಿದಳು.

"ನಿನ್ನ ಕಣ್ಣು ಜೋಪಾನ. ಇಂತಿ ನಿನ್ನ ಗುಬ್ಬಿ."



"ವ್ಯಾನಿನ ಮಾತು ಯಾಕೆ ಬಿಟ್ಟೆ?" ಎಂದರು ಅತ್ತೆ.

ಸೊಸೆ ಪರದೆಯಿಂದ ತಿರುಗಿ ನೋಡಿದಳು.

"ತೆರೀದೇ ಇದ್ರೂ, ಒಂದು ಪದ ಹಾಕಿ ಹುಡುಕಿದ್ರೆ ಅದರ ಅಕ್ಕಪಕ್ಕದ ನಾಲ್ಕು ಮಾತು ಹೊರಗಡೆನೇ ಕಾಣುತ್ತಲ್ಲ. ದಿನಾ ಒಂದೊಂದು ಪದ ಹಾಕ್ತಿದ್ದೆ. ಇದೆಯೋ ಇಲ್ವೋ ಅಂತ. 'ಅಣ್ಣ' ಅಂತ ಹಾಕ್ದೆ. ಇತ್ತು. 'ವ್ಯಾನು' ಅಂತ ಹಾಕ್ದೆ..."

"ಗೊತ್ತಿತ್ತಾ ನಿಮಗೆ? ಗೊತ್ತಿದ್ದೂ... ಇಷ್ಟು ವರ್ಷ ಎಲ್ಲರೆದುರಿಗೆ ನನ್ನನ್ನ..."

"ಅವನನ್ನ ಬೈದಿದ್ರೆ ಅವನೂ ಎದ್ದು ಹೋಗ್ತಿದ್ದ, ಅವಳ ಹಾಗೇ. ಯಾರನ್ನಾದ್ರೂ ಬೈಬೇಕಿತ್ತಲ್ಲ ನಾನು... ನೀನು ಹೋಗಲ್ಲ ಅಂತ ಗೊತ್ತಿತ್ತು."

ಸೊಸೆ ಎದ್ದು ಅಡುಗೆಮನೆಗೆ ಹೋದಳು. ನಲ್ಲಿ ಬಿಟ್ಟು, ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆದಳು. ಹೋಗಲ್ಲ ಅಂತ ಗೊತ್ತಿತ್ತು... ಅದು ನಂಬಿಕೆಯೋ, ಅವಮಾನವೋ ಅವಳಿಗೆ ತಿಳಿಯಲಿಲ್ಲ. ಬಾಗಿಲಿನಾಚೆ ಹೋಗಿಬಿಡಬೇಕೆಂದು ಅನಿಸಿದ ದಿನಗಳು ಎಷ್ಟಿರಲಿಲ್ಲ! ಹೋಗಿರಲಿಲ್ಲ, ಅಷ್ಟೇ. ನೀರು ಹರಿಯುತ್ತಲೇ ಇತ್ತು. ಅವಳ ಅಳು ಆ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಮರಳಿ ಬಂದಾಗ ಅತ್ತೆ ಮೆಶಿನ್ ಮುಂದೆ ಕೂತು, ಕುರುಡು ಬೆರಳುಗಳಲ್ಲಿ ದಾರ ತಡವುತ್ತಿದ್ದರು.

"ಕೆಳಗೆ ಗಂಟು ಬಿದ್ರೆ ಎಲ್ಲರೂ ಕೆಳಗೇ ಬಿಚ್ಚಿ ನೋಡ್ತಾರೆ. ತಪ್ಪು ಇರೋದು ಮೇಲಿನ ದಾರದಲ್ಲಿ. ಬಟ್ಟೆ ಒತ್ತಿ ಹಿಡಿಯೋ ಪಾದ ಮೇಲೆತ್ತಿ, ಮೊದಲಿಂದ ಪೋಣಿಸ್ಬೇಕು..." ದಾರ ಕೈಬಿಟ್ಟರು. "ಇಷ್ಟೇ ಕಣೇ ಅವಳು ಕೇಳಿದ್ದು. ಒಂದೇ ಒಂದು ಸಾಲು ಬರೀಬೇಕಿತ್ತು ನಾನು..."

ಬಿಕ್ಕಳಿಸಿ ಅತ್ತರು. ಸೊಸೆ ಬಳಿಗೆ ಹೋಗಿ ಕೂತಳು. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ಅತ್ತೆ ಕೇಳಲೂ ಇಲ್ಲ.

ಅಳು ನಿಂತ ಮೇಲೆ ಅತ್ತೆ ಮೆಲ್ಲಗೆ ಅಂದರು, "ಅದನ್ನ ಇನ್ನೂ ಓದೇ ಇಲ್ಲ ಅನ್ನೋ ಹಾಗೆ ಮತ್ತೆ ಮಾಡೋಕೆ ಬರುತ್ತಾ?"

"ಬರುತ್ತೆ ಅತ್ತೆ." ಒಮ್ಮೆ ಒತ್ತಿದಳು. ಸಾಲು ಮತ್ತೆ ದಪ್ಪಗಾಯಿತು.

ಮರುದಿನ ಆಪರೇಷನ್ ಕೋಣೆಯ ಬಾಗಿಲಲ್ಲಿ ನರ್ಸ್, "ಜೊತೆಗೆ ಬಂದಿರೋರು ಯಾರಮ್ಮಾ?" ಎಂದು ಕೇಳಿದಳು. ವ್ಯಾನ್ ಕೀಲಿಕೈ ಹಿಡಿದು ಮಗ ಮುಂದೆ ಬಂದ. ಅತ್ತೆ ಗಾಳಿಯಲ್ಲಿ ಕೈ ಆಡಿಸಿ ಸೆರಗೊಂದನ್ನು ಹಿಡಿದುಕೊಂಡರು.

"ಸೊಸೆ" ಎಂದರು.

ಡಾಕ್ಟರು ತಮ್ಮ ಕೈಲಾದದ್ದೆಲ್ಲ ಮಾಡಿದರು. ಬೆಳಕು ಮಾತ್ರ ಹಿಂತಿರುಗಲಿಲ್ಲ.

ಈಗ ಸಂಜೆ ಸೊಸೆ ಅಂಗಡಿಯಿಂದ ಬಂದು ಕೈಕಾಲು ತೊಳೆದ ಮೇಲೆ, ಇಬ್ಬರೂ ಕಂಪ್ಯೂಟರ್ ಮುಂದೆ ಕೂರುತ್ತಾರೆ.

"ಇವತ್ತು ಯಾವ ಪದ ಅತ್ತೆ?"

"'ಗುಂಡಿ' ಅಂತ ಹಾಕಿ ನೋಡು."

ಅವಳು ಹಾಕುತ್ತಾಳೆ. ತೆರೆಯುವುದಿಲ್ಲ. ಹೊರಗೆ ಕಂಡ ನಾಲ್ಕು ಮಾತನ್ನು ಮಾತ್ರ ಓದುತ್ತಾಳೆ. ಅತ್ತೆ ಮೊದಲ ಸಲ ಕೇಳುವವರಂತೆ ಕೇಳುತ್ತಾರೆ.

"ಇನ್ನೂ ದಪ್ಪಗೇ ಇದೆಯಾ?"

"ಇದೆ ಅತ್ತೆ. ದಪ್ಪಗೇ ಇದೆ."